ದರಪಟ್ಟಿ

ಶಾರ್ಜಾ, ರೋಲಾದ ಹಿಂದಿನ ಗಲ್ಲಿ.
ಎರಡು ಕುರ್ಚಿ, ಮೂರು ಕನ್ನಡಿ, ಸೋರುವ ಒಂದು ಏಸಿ.
ಗೋಡೆಯ ಮೇಲೆ ನನ್ನದೇ ಕೈಬರಹ:
ಕಟಿಂಗ್ ಹದಿನೈದು, ಶೇವಿಂಗ್ ಹತ್ತು,
ಮಕ್ಕಳಿಗೆ ಹನ್ನೆರಡು.
ಕೊನೆಯ ಸಾಲು ಕೆಂಪು ಶಾಯಿಯಲ್ಲಿ:
ಆಫ್ರಿಕಾ ಕೂದಲು, ಇಪ್ಪತ್ತೈದು.

ಹತ್ತು ಹೆಚ್ಚು ಯಾಕೆ ಅಂತ ಯಾರೂ ಕೇಳಿರಲಿಲ್ಲ.
ಕೇಳಬೇಕಾದವರು ಒಳಗೇ ಬರುತ್ತಿರಲಿಲ್ಲ.
ಗಾಜಿನಾಚೆ ನಿಂತು ಓದುತ್ತಿದ್ದರು,
ಓದಿ ಬಿಸಿಲಿಗೆ ತಿರುಗುತ್ತಿದ್ದರು.
ನಾನು ಕತ್ತರಿ ಒರೆಸುತ್ತಿದ್ದೆ.
ಮಷಿನ್ನಿನ ಹಲ್ಲು ಮುರಿಯುತ್ತದೆ ಅಂದಿದ್ದ ಮೊಫಿಜ್,
ಅವನಿಗೆ ಚಿತ್ತಗಾಂಗಿನಲ್ಲಿ ಯಾರೋ ಅಂದಿದ್ದರಂತೆ.
ನಾನೂ ನಂಬಿದೆ. ನಂಬುವುದು ಅಗ್ಗ.

ಆ ಜೂನ್ ಮಧ್ಯಾಹ್ನ ಬಂದವನು ಓದಲಿಲ್ಲ.
ಸೆಕ್ಯುರಿಟಿ ಅಂಗಿ, ಬಗಲಲ್ಲಿ ಬೆವರುಪ್ಪಿನ ನಕಾಶೆ,
ಹನ್ನೆರಡು ತಾಸು ನಿಂತು ಬಾತ ಕಾಲು.
ಸೀದಾ ಕುರ್ಚಿಯಲ್ಲಿ ಕೂತು
ಕನ್ನಡಿಯೊಳಗಿನ ನನಗೆ ಹೇಳಿದ,
ನನ್ನದಲ್ಲದ, ಅವನದೂ ಅಲ್ಲದ ಹಿಂದಿಯಲ್ಲಿ:
ಭಾಯ್, ನಾಳೆ ಇಂಟರ್‌ವ್ಯೂ. ಸೂಪರ್‌ವೈಸರ್ ಕೆಲಸ.

ನನಗೆ ಬರುವುದಿಲ್ಲ, ಎಂದೆ.
ಸುಳ್ಳಲ್ಲ ಅದು. ಪೂರಾ ನಿಜವೂ ಅಲ್ಲ.
ಬರುವುದಿಲ್ಲವೋ, ಬೇಡವೋ?
ಅಂದು ನಕ್ಕ.

ಇಲ್ಲಿ, ಕರೆಯದೆ, ಅಪ್ಪ ಬಂದ.
ಬ್ರಹ್ಮಾವರದಾಚೆ ಧಣಿಗಳ ಮನೆಯ ಹಿಂದೆ
ಕೊಟ್ಟಿಗೆಯ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತ ಅಪ್ಪ.
ಅವನ ಬೆರಳು ತಲೆಗೆ ಬೇಕು, ಜಗಲಿಗೆ ಬೇಡ.
ಚೌರ ಮುಗಿದದ್ದೇ ಧಣಿ ಎದ್ದು ಬಾವಿಕಟ್ಟೆಗೆ,
ಕೊಡದ ಮೇಲೆ ಕೊಡ ಸುರಿದುಕೊಳ್ಳುವ ಸದ್ದು.
ಆ ಸದ್ದು ನಿಲ್ಲುವ ತನಕ
ಅಪ್ಪ ಕತ್ತಿ ಮಡಚುತ್ತಿರಲಿಲ್ಲ.
ನಾನು ಎಣಿಸುತ್ತಿದ್ದೆ.
ಒಂದು ಸಲ ಏಳು ಕೊಡ.

ಕಲಿಸು, ಎಂದೆ ಇವನಿಗೆ.

ಎಳೆಯಬೇಡ, ಎತ್ತು.
ಅಗಲ ಹಲ್ಲಿನ ಬಾಚಣಿಗೆ ಮೊದಲು.
ಕೂದಲು ಸುತ್ತಿದ ದಿಕ್ಕಿಗೇ ಮಷಿನ್ ಹೋಗಲಿ, ಅವಸರ ಯಾಕೆ?
ಮೊಫಿಜ್ ಹಿಂದೆ ಕನ್ನಡಿ ಹಿಡಿದು ನಿಂತ,
ಹಲ್ಲು ಮುರಿಯುವುದನ್ನು ಕಾಯುತ್ತ.
ಮುರಿಯಲಿಲ್ಲ.
ಕಿವಿಯ ಬಳಿ ನನ್ನ ಕೈಯೇ ತಪ್ಪಿ ಒಂದು ಹನಿ ರಕ್ತ;
ಸ್ಫಟಿಕ ಒತ್ತಿದೆ. ಇಬ್ಬರೂ ಸ್ಸ್ ಎಂದೆವು.

ನೆತ್ತಿಯಲ್ಲಿ ಎರಡು ಸುಳಿ.
ನಮ್ಮೂರಲ್ಲಿ ಇದಕ್ಕೆ ಎರಡು ಮದುವೆ ಅಂತಾರೆ, ಎಂದೆ.
ಒಂದಕ್ಕೇ ದುಡ್ಡಿಲ್ಲ ಮಾರಾಯ, ಎನ್ನುವ ಹಾಗೆ ಕೈ ಕೊಡವಿದ.
ಹೆಸರು ವಾಸ್ವಾ. ಅವಳಿಯಲ್ಲಿ ಮೊದಲು ಹುಟ್ಟಿದವನು,
ಅವನ ಊರಲ್ಲಿ ಹುಟ್ಟಿದ ಸರದಿಯೇ ಹೆಸರು.
ತಮ್ಮ ಕಾಟೊ ಮಸಾಕಾದಲ್ಲಿದ್ದಾನೆ, ಆರು ವರ್ಷ ಆಯ್ತು ನೋಡಿ.
ಬಟ್ಟೆ ಕೊಡವಿ ತೆಗೆದಾಗ
ಕನ್ನಡಿಗೆ ಮುಖ ಹತ್ತಿರ ತಂದು
ಬಹಳ ಹೊತ್ತು ಸುಮ್ಮನಿದ್ದ.

ಇಪ್ಪತ್ತೈದು ಎಣಿಸಿಟ್ಟ.
ಓದಿದ್ದ, ಹಾಗಾದರೆ.
ಹತ್ತು ತಿರುಗಿ ಚಾಚಿದೆ. ಮುಟ್ಟಲಿಲ್ಲ.
ಗೋಡೆಯತ್ತ ಗಲ್ಲ ಎತ್ತಿದ: ಮೊದಲು ಅದನ್ನು. ಆಮೇಲೆ ಇದನ್ನು.

ಬ್ಲೇಡಿನಲ್ಲಿ ಕೆರೆದೆ ಆ ರಾತ್ರಿ.
ಕೆಂಪು ಸುಲಭಕ್ಕೆ ಹೋಗುವ ಬಣ್ಣವಲ್ಲ,
ಸುಣ್ಣವೂ ಜೊತೆಗೆ ಉದುರಿತು.

ಅವನಿಗೆ ಆ ಕೆಲಸ ಸಿಗಲಿಲ್ಲ.
ನಮ್ಮ ಕಡೆಯ ಇಬ್ಬರು ಗಿರಾಕಿ ಬರುವುದು ಬಿಟ್ಟರು,
ಅದೇ ಬಾಚಣಿಗೆಯಾ ಎಂದು ಕೇಳಿ.
ಅದೇ, ಎಂದೆ. ಬಿಸಿನೀರಲ್ಲಿ ತೊಳೆದದ್ದು, ನಿಮ್ಮ ತಲೆಯ ನಂತರವೂ.
ಎದುರಿನ ಸಲೂನಿನ ಪಟ್ಟಿಯಲ್ಲೂ ಮೂರು ವಾರಕ್ಕೆ
ಒಂದು ಸಾಲು ಕಾಣೆಯಾಯಿತು.
ವ್ಯಾಪಾರಕ್ಕಿರಬಹುದು. ಇರಲಿ.

ಈಗ ಶುಕ್ರವಾರ ಸಂಜೆ ಬೆಂಚು ಸಾಲುವುದಿಲ್ಲ.
ವಾಸ್ವಾನ ಕ್ಯಾಂಪಿನವರು, ಪೇಶಾವರದ ಟ್ಯಾಕ್ಸಿಯವರು,
ಒಬ್ಬರ ಫೋನಿನ ಕ್ರಿಕೆಟ್ಟಿಗೆ ನಾಲ್ಕು ತಲೆ.
ನೆಲದ ಮೇಲೆ ಕೂದಲೆಲ್ಲ ಬೆರೆತು ಒಂದಾಯಿತು
ಎಂದು ಬರೆಯಲಾರೆ. ಬೆರೆಯುವುದಿಲ್ಲ;
ಯಾವುದು ಯಾರದ್ದೆಂದು ಗುಡಿಸುವವನಿಗೆ ಗೊತ್ತು.
ಮೊರ ಮಾತ್ರ ಒಂದೇ.

ಎದ್ದವರು ನನ್ನ ಕೈ ಕುಲುಕಿ ಹೋಗುತ್ತಾರೆ.
ಹಳೆಯ ಚಾಳಿ, ಕಿವಿಗೊಡುತ್ತೇನೆ:
ಎಲ್ಲೂ ಯಾರೂ ನೀರು ಸುರಿದುಕೊಳ್ಳುತ್ತಿಲ್ಲ.
ಏಸಿ ಮಾತ್ರ ಬಕೆಟ್ಟಿಗೆ
ತೊಟ್ಟಿಕ್ಕುತ್ತಿದೆ.